ಆಡದ ಆಟಗಾರನ ದುಡ್ಡು ಕೊಡಬೇಕಾ?

2019ರ ಜನವರಿ 19, ಶನಿವಾರ. ವೇಲ್ಸ್‌ನ ಕಾರ್ಡಿಫ್ ಸಿಟಿ ಎಂಬ ಫುಟ್ಬಾಲ್ ಕ್ಲಬ್ಬು ತನ್ನ ಇತಿಹಾಸದಲ್ಲೇ ಅತಿ ದುಬಾರಿ ಆಟಗಾರನನ್ನ ಕೊಂಡಿದ್ದೇವೆ ಅಂತ ಘೋಷಿಸಿತು. ಹೆಸರು ಎಮಿಲಿಯಾನೊ ಸಾಲಾ, ವಯಸ್ಸು 28. ಅರ್ಜೆಂಟೀನಾದ ಪ್ರೊಗ್ರೆಸೊ ಅನ್ನೋ ಸಣ್ಣ ಊರಲ್ಲಿ ಬೆಳೆದವನು. ಫ್ರಾನ್ಸಿನ ನಾಂತ್ ಕ್ಲಬ್ಬಿಗೆ ಆಡ್ತಿದ್ದ. ಆ ಸೀಸನ್ನಿನ ಫ್ರೆಂಚ್ ಲೀಗಿನಲ್ಲಿ ಅಷ್ಟೊತ್ತಿಗಾಗಲೇ 12 ಗೋಲು ಹೊಡೆದಿದ್ದ. ಬೆಲೆ 1 ಕೋಟಿ 70 ಲಕ್ಷ ಯೂರೋ.

ಸಹಿ ಹಾಕಿ, ಹೊಸ ಜರ್ಸಿ ಹಿಡಿದು ಫೋಟೋ ತೆಗೆಸಿಕೊಂಡ ಸಾಲಾ, ಹಳೇ ಗೆಳೆಯರಿಗೆ ವಿದಾಯ ಹೇಳಿ ಬರೋಣ ಅಂತ ನಾಂತ್‌ಗೆ ಹೋದ. 21ರ ರಾತ್ರಿ ಸಣ್ಣದೊಂದು ಖಾಸಗಿ ವಿಮಾನದಲ್ಲಿ ವಾಪಸ್ ಹೊರಟ. ಒಂದೇ ಎಂಜಿನ್‌ನ ಪೈಪರ್ ಮಾಲಿಬು. ಅದು ಇಂಗ್ಲಿಷ್ ಕಾಲುವೆಯಲ್ಲಿ, ಗರ್ನ್ಸಿ ದ್ವೀಪದ ಹತ್ತಿರ ಸಮುದ್ರಕ್ಕೆ ಬಿತ್ತು. ಫೆಬ್ರವರಿ ಮೊದಲ ವಾರದಲ್ಲಿ ಸಾಲಾನ ದೇಹ ಸಿಕ್ತು. ಪೈಲಟ್ ಡೇವಿಡ್ ಇಬಟ್ಸನ್ ಅವರ ದೇಹ ಸಿಗಲೇ ಇಲ್ಲ.

ಕಾರ್ಡಿಫ್‌ಗೆ ಅವನು ಒಂದು ನಿಮಿಷವೂ ಆಡಲಿಲ್ಲ. ಕೆಲವೇ ದಿನಗಳಲ್ಲಿ ನಾಂತ್ ಕ್ಲಬ್ಬಿನಿಂದ ಪತ್ರ ಬಂತು: ಮೊದಲ ಕಂತು 60 ಲಕ್ಷ ಯೂರೋ ಕೊಡಿ.

ಕೊಡಬೇಕಾ, ಬ್ಯಾಡಾ?

ಮೊದಲ ಸಲ ಇದನ್ನ ಓದಿದಾಗ ಬಹಳ ಜನರಿಗೆ ಅನ್ನಿಸೋದು ಒಂದೇ: ಹುಡುಗ ಸತ್ತಾನ, ಇವರಿಗೆ ದುಡ್ಡಿನ ಚಿಂತಿ. ಆಫೀಸಿನ ಊಟದ ಹೊತ್ತಲ್ಲಿ ಈ ಪ್ರಶ್ನೆ ಇಟ್ಟರೆ ಹತ್ತರಲ್ಲಿ ಎಂಟು ಜನ “ಆಡೇ ಇಲ್ಲ ಅಂದ್ಮೇಲೆ ಯಾತಕ್ಕೆ ಕೊಡಬೇಕು” ಅಂತಾರೆ. ನಾನು ಇನ್ನೆರಡರ ಕಡೆ. ಯಾಕೆ ಅಂತ ಹೇಳ್ತೀನಿ. ವಿಷಯ ಫುಟ್ಬಾಲಿನದಾದರೂ ಇದೇ ಪ್ರಶ್ನೆ ಗಂಗಾವತಿಯ ಗದ್ದೆಯಲ್ಲಿ, ಕುಷ್ಟಗಿಯ ದಾಳಿಂಬೆ ತೋಟದಲ್ಲಿ, ನಿಮ್ಮ ಇನ್‌ಬಾಕ್ಸಿನ ಆಫರ್ ಲೆಟರಿನಲ್ಲೂ ಇದೆ.

ಇದು ನೋಟಿಸ್ ಬೈಔಟ್ ಇದ್ದ ಹಾಗೆ

ಫುಟ್ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಟ್ರಾನ್ಸ್‌ಫರ್ ದುಡ್ಡು ಆಟಗಾರನ ಸಂಬಳ ಅಲ್ಲ. ಅದು ಹೊಸ ಕ್ಲಬ್ಬು ಹಳೇ ಕ್ಲಬ್ಬಿಗೆ ಕೊಡೋ ದುಡ್ಡು. ನಮ್ಮ ಐಟಿಯಲ್ಲಿ ಮೂರು ತಿಂಗಳ ನೋಟಿಸ್ ಇರುತ್ತಲ್ಲ, ಹೊಸ ಕಂಪನಿ “ಇವರನ್ನ ಬೇಗ ಬಿಡಿ, ಉಳಿದ ದಿನದ ದುಡ್ಡು ನಾವು ಕೊಡ್ತೀವಿ” ಅನ್ನುತ್ತಲ್ಲ, ಹಾಗೆ. ಆಟಗಾರ ಹಳೇ ಕ್ಲಬ್ಬಿನ ಜೊತೆ ಇನ್ನೂ ಇಷ್ಟು ವರ್ಷ ಅಂತ ಒಪ್ಪಂದದಲ್ಲಿರ್ತಾನೆ. ಅದನ್ನ ನಡುವೆ ಬಿಡಿಸಿಕೊಂಡು ಹೋಗೋಕೆ ಕೊಡೋ ಬೆಲೆ ಅದು.

ಅಂದ್ರೆ ನಾಂತ್ ಮಾರಿದ್ದು ಮನುಷ್ಯನನ್ನ ಅಲ್ಲ, ಅವನ ನೋಂದಣಿಯ ಹಕ್ಕನ್ನ. ದೇಶದಿಂದ ದೇಶಕ್ಕೆ ಹೋಗೋವಾಗ ಒಂದು ಫುಟ್ಬಾಲ್ ಸಂಸ್ಥೆ ಇನ್ನೊಂದಕ್ಕೆ ಅಂತಾರಾಷ್ಟ್ರೀಯ ವರ್ಗಾವಣೆ ಪತ್ರ ಕೊಡಬೇಕು. ಫ್ರಾನ್ಸ್ ಕಡೆಯಿಂದ ವೇಲ್ಸ್ ಕಡೆಗೆ ಆ ಪತ್ರ ಜನವರಿ 21ರಂದೇ, ವಿಮಾನ ಬೀಳೋಕಿಂತ ಮುಂಚೆ ಆಗಿಹೋಗಿತ್ತು. ಈ ಒಂದು ಸಂಗತಿಯ ಮೇಲೇ ಮುಂದಿನ ಇಡೀ ಕೇಸು ನಿಂತಿತು.

ಕಾರ್ಡಿಫ್ ಏನಂತು?

ಕಾರ್ಡಿಫ್ ಸುಮ್ಮನೆ ಜಿಪುಣತನ ಮಾಡಲಿಲ್ಲ. ಅವರ ಬಳಿಯೂ ಕಾರಣ ಇದ್ದವು.

ಒಂದು, ವ್ಯವಹಾರ ಪೂರ್ತಿ ಆಗಿರಲಿಲ್ಲ ಅನ್ನೋ ವಾದ. ಸಾಲಾಗೆ ಸಹಿ ಮಾಡಿದ್ದಕ್ಕೆ ಕೊಡಬೇಕಿದ್ದ ಬೋನಸ್ಸಿನ ರೀತಿ ಪ್ರೀಮಿಯರ್ ಲೀಗಿನ ನಿಯಮಕ್ಕೆ ಹೊಂದುತ್ತಿರಲಿಲ್ಲ. ಒಪ್ಪಂದ ತಿದ್ದಿ ಮತ್ತೊಮ್ಮೆ ಸಹಿ ಆಗಬೇಕಿತ್ತು. ಅದು ಆಗೋ ಮೊದಲೇ ಹುಡುಗ ಹೋಗಿಬಿಟ್ಟ. ಹಾಗಾಗಿ ಅವನು ನಮ್ಮ ಆಟಗಾರನೇ ಆಗಿರಲಿಲ್ಲ ಅಂದರು.

ಎರಡು, ತಪ್ಪು ಯಾರದು ಅನ್ನೋ ವಾದ. ಆ ವಿಮಾನವನ್ನ ಕಾರ್ಡಿಫ್ ಗೊತ್ತು ಮಾಡಿರಲಿಲ್ಲ. ಟ್ರಾನ್ಸ್‌ಫರ್ ಕುದುರಿಸಿದ್ದ ಏಜೆಂಟ್ ವಿಲ್ಲಿ ಮೆಕೇ ಮೂಲಕ ಆಗಿದ್ದು ಅದು. ಏಜೆಂಟು ನಾಂತ್ ಪರವಾಗಿ ಕೆಲಸ ಮಾಡ್ತಿದ್ದ, ಆದ್ದರಿಂದ ಜವಾಬ್ದಾರಿ ನಾಂತ್‌ದು ಅಂತ ಕಾರ್ಡಿಫ್ ಹೇಳಿತು.

ವಿಮಾನದ ಕತೆ ನಿಜಕ್ಕೂ ಕೆಟ್ಟದ್ದು. ಬ್ರಿಟನ್ನಿನ ವಾಯು ಅಪಘಾತ ತನಿಖಾ ಸಂಸ್ಥೆ 2020ರ ಮಾರ್ಚ್‌ನಲ್ಲಿ ಕೊಟ್ಟ ವರದಿ ಪ್ರಕಾರ, ಪೈಲಟ್‌ಗೆ ರಾತ್ರಿ ಹಾರಿಸೋ ಅರ್ಹತೆ ಇರಲಿಲ್ಲ, ದುಡ್ಡು ತಗೊಂಡು ಪ್ರಯಾಣಿಕರನ್ನ ಒಯ್ಯೋ ಲೈಸೆನ್ಸೂ ಇರಲಿಲ್ಲ. ಎಂಜಿನ್ನಿನ ಹೊಗೆಯಿಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೋರಿತ್ತು. ವಿಮಾನ ಹೊಂದಿಸಿದ್ದ ಡೇವಿಡ್ ಹೆಂಡರ್ಸನ್‌ಗೆ 2021ರ ನವೆಂಬರಿನಲ್ಲಿ 18 ತಿಂಗಳ ಜೈಲು ಆಯ್ತು.

ಇದರ ಮೇಲೆ, ಅದೇ ಸೀಸನ್ನಿನ ಕೊನೆಗೆ ಕಾರ್ಡಿಫ್ ಪ್ರೀಮಿಯರ್ ಲೀಗಿನಿಂದ ಕೆಳಕ್ಕೆ ಜಾರಿತು. ಗೋಲು ಹೊಡೀಲಿ ಅಂತ ತಂದವನು ಇಲ್ಲ, ಲೀಗಿನ ದೊಡ್ಡ ಆದಾಯವೂ ಹೋಯ್ತು, ಮೇಲೆ ಸಾಲದ ಪತ್ರ. ಅವರ ಸಂಕಟ ಅರ್ಥ ಆಗದ್ದೇನಲ್ಲ.

ತೀರ್ಪು ಏನಾಯ್ತು?

2019ರ ಸೆಪ್ಟೆಂಬರಿನಲ್ಲಿ ಫಿಫಾ ಸಮಿತಿ ಹೇಳಿತು: ಮೊದಲ ಕಂತು 60 ಲಕ್ಷ ಯೂರೋ ಕೊಡಿ. ಕಾರ್ಡಿಫ್ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರೋ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ ಹೋಯ್ತು. 2022ರ ಆಗಸ್ಟ್‌ನಲ್ಲಿ ಅಲ್ಲೂ ಸೋತಿತು. ಅಪಘಾತಕ್ಕೆ ಮೊದಲೇ ಟ್ರಾನ್ಸ್‌ಫರ್ ಪೂರ್ತಿ ಆಗಿತ್ತು ಅನ್ನೋದೇ ತೀರ್ಪಿನ ತಿರುಳು. ಮರು ವರ್ಷ ಉಳಿದ 1 ಕೋಟಿ 10 ಲಕ್ಷ ಯೂರೋ ಕೂಡ ಕೊಡಬೇಕು ಅಂತ ಫಿಫಾ ಹೇಳಿತು.

ಕಾರ್ಡಿಫ್ ಅಲ್ಲಿಗೆ ಬಿಡಲಿಲ್ಲ. ವಿಮಾನದ ತಪ್ಪಿಗೆ ನಾಂತ್ ಹೊಣೆ ಅಂತ ನಾಂತ್ ನಗರದ ವಾಣಿಜ್ಯ ನ್ಯಾಯಾಲಯದಲ್ಲಿ ಬೇರೆ ದಾವೆ ಹೂಡಿತು. ಸಾಲಾನ ವಿಮೆ ಆಗಿರಲಿಲ್ಲ ಅನ್ನೋ ಕಾರಣಕ್ಕೆ ತನ್ನ ವಿಮಾ ಬ್ರೋಕರ್ ಮೇಲೂ ಕೇಸು ಹಾಕಿತು.

ಇಲ್ಲಿ ಗಮನಿಸಬೇಕಾದ್ದು ಇದು. ಪ್ರಶ್ನೆ ಎರಡಾಗಿ ಒಡೀತು. “ಬೆಲೆ ಕೊಡಬೇಕಾ” ಒಂದು. “ಸಾವಿಗೆ ಯಾರು ಹೊಣೆ” ಇನ್ನೊಂದು. ಎರಡನ್ನೂ ಒಂದೇ ಗಂಟು ಹಾಕಿದರೆ ಎರಡಕ್ಕೂ ನ್ಯಾಯ ಸಿಗಲ್ಲ. ಇದು ನನಗೆ ಸರಿ ಕಂಡಿದ್ದು ತೀರ್ಪು ಓದಿ ಅಲ್ಲ, ನಮ್ಮ ಕಡೆಯ ವ್ಯವಹಾರ ನೋಡಿ.

ಹಗ್ಗ ಯಾರ ಕೈಯಾಗೈತಿ?

ನಮ್ಮ ಕೊಪ್ಪಳ ಕಡೆ ದನದ ಸಂತೆ ನೋಡಿದವರಿಗೆ ಗೊತ್ತು. ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸ್ತಾರೆ. ಮಾತು ಕುದುರಿದ ಮೇಲೆ ಮಾರುವವನು ಎತ್ತಿನ ಹಗ್ಗ ಕೊಳ್ಳುವವನ ಕೈಗೆ ಕೊಡ್ತಾನೆ. ದುಡ್ಡು ಒಂದಿಷ್ಟು ಈಗ, ಇನ್ನೊಂದಿಷ್ಟು ಮುಂದಿನ ಸಂತೆಗೆ ಅಂತ ಇರಬಹುದು. ಹಗ್ಗ ಕೊಟ್ಟ ಮೇಲೆ ದಾರಿಯಲ್ಲಿ ಎತ್ತಿಗೆ ಏನಾದರೂ ಆದರೆ?

ನಮ್ಮ ಕಾಕಾನ ಕೇಳಿದೆ. ಫುಟ್ಬಾಲ್ ಅಂದ್ರೆ ಅವರಿಗೆ ಹುಡುಗರು ಒದಿಯೋ ಚೆಂಡು, ಅಷ್ಟೇ. ಕತೆ ಪೂರ್ತಿ ಕೇಳಿ ಒಂದೇ ಮಾತು ಕೇಳಿದರು: “ಹಗ್ಗ ಯಾರ ಕೈಯಾಗಿತ್ತಪಾ ಆವಾಗ?”

“ಕೊಂಡವರ ಕೈಯಾಗ, ಕಾಕಾ.”

“ಹಂಗಾದ್ರ ರೊಕ್ಕ ಕೊಡಬೇಕು. ಮಾರಿದಾಂವ ಬ್ಯಾನಿ ಮುಚ್ಚಿಟ್ಟು ಮಾರಿದ್ದ ಅಂದ್ರ ಅದಕ್ಕ ಬ್ಯಾರೆ ಪಂಚಾಯ್ತಿ ಕೂಡ್ರಸರಿ. ರೊಕ್ಕ ಹಿಡಕೊಂಡು ಪಂಚಾಯ್ತಿ ಮಾಡಬಾರದು.”

ಲೊಸಾನ್‌ನ ತೀರ್ಪಿನ ಹೂರಣ ಇದಕ್ಕಿಂತ ಬಹಳ ದೂರ ಇಲ್ಲ. ಮನುಷ್ಯನನ್ನ ಎತ್ತಿಗೆ ಹೋಲಿಸೋದು ಸರಿಯಲ್ಲ, ಗೊತ್ತು. ಹೋಲಿಕೆ ಇರೋದು ನೋಂದಣಿ ಹಕ್ಕಿಗೆ. ಅದು ಕೈ ಬದಲಾದ ಗಳಿಗೆ ಯಾವುದು ಅನ್ನೋದಷ್ಟೇ ಪ್ರಶ್ನೆ.

ನಮ್ಮ ದೇಶದ ಕಾನೂನೂ ಹೀಗೇ ಯೋಚಿಸುತ್ತೆ. 1930ರ ಸರಕು ಮಾರಾಟ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಬೇರೆ ಮಾತು ಆಗಿಲ್ಲದಿದ್ದರೆ, ಮಾಲಿನ ಒಡೆತನ ದಾಟುವವರೆಗೆ ನಷ್ಟದ ಹೊಣೆ ಮಾರುವವನದು. ದಾಟಿದ ಮೇಲೆ ಕೊಳ್ಳುವವನದು, ಮಾಲು ಅವನ ಮನೆ ಮುಟ್ಟಿರಲಿ ಬಿಡಲಿ. ಅದೇ ಕಾಯ್ದೆಯ 8ನೇ ಸೆಕ್ಷನ್ ಇನ್ನೊಂದು ಮಗ್ಗುಲು ಹೇಳುತ್ತೆ: ಗುರುತು ಹಿಡಿದು ಮಾತಾಡಿದ ಮಾಲು, ಹೊಣೆ ದಾಟೋ ಮೊದಲೇ, ಯಾರ ತಪ್ಪೂ ಇಲ್ಲದೆ ನಾಶವಾದರೆ ಒಪ್ಪಂದವೇ ಬಿದ್ದುಹೋಯ್ತು.

ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ಬೆಳೆಗಾರರಿಗೆ ಇದು ಪಾಠದ ಪುಸ್ತಕದ ವಿಷಯ ಅಲ್ಲ. ವ್ಯಾಪಾರಿ ಬರ್ತಾನೆ, ಗಿಡದ ಮೇಲಿನ ಹಣ್ಣು ನೋಡ್ತಾನೆ, ಇಡೀ ತೋಟಕ್ಕೆ ಇಷ್ಟು ಅಂತ ಮಾತಾಡಿ ಮುಂಗಡ ಕೊಟ್ಟು ಹೋಗ್ತಾನೆ. ಕೊಯ್ಲಿಗೆ ಇನ್ನೂ ವಾರ ಇದೆ. ಆ ವಾರದಲ್ಲಿ ಆಲಿಕಲ್ಲು ಮಳೆ ಬೀಳಬಹುದು. ಅಂಗಮಾರಿ ರೋಗದ ಕಪ್ಪು ಚುಕ್ಕೆ ಕಾಣಿಸಬಹುದು. ಆಗ ಒಬ್ಬ “ಹಣ್ಣು ನನ್ನ ಗಾಡಿ ಹತ್ತಿಲ್ಲ, ಮುಂಗಡ ವಾಪಸ್ ಕೊಡ್ರಿ” ಅಂತಾನೆ. ಇನ್ನೊಬ್ಬ “ಮಾತಾದ ದಿನವೇ ತೋಟ ನಿಂದು” ಅಂತಾನೆ. ಕಾರ್ಡಿಫ್ ಮತ್ತು ನಾಂತ್ ಜಗಳವೇ ಇದು. ಮೊದಲೇ “ಕೊಯ್ಯೋತನಕ ಹೊಣೆ ಯಾರದು” ಅಂತ ಒಂದು ಸಾಲು ಮಾತಾಡಿಕೊಂಡವರಿಗೆ ಜಗಳ ಇಲ್ಲ. ಮಾತಾಡದವರಿಗೆ ಊರ ಹಿರಿಯರೇ ಗತಿ.

ಕನಿಕರಕ್ಕೆ ಕೊಡೋರು ಯಾರು?

“ಆದರೂ, ನಾಂತ್ ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡಬಹುದಿತ್ತು” ಅಂತ ನೀವು ಕೇಳಬಹುದು. ಮಾಡಬಹುದಿತ್ತು, ಕೊಡುವವರ ಇಷ್ಟ. ಆದರೆ ನಾಂತ್ ಹಿಂದೆ ಇನ್ನೊಂದು ಕ್ಲಬ್ಬು ಕೂತಿತ್ತು. ಸಾಲಾ ಮೊದಲು ಬೋರ್ಡೊ ಕ್ಲಬ್ಬಿನವನು. ಅವರು ನಾಂತ್‌ಗೆ ಕೊಡುವಾಗ, ಮುಂದೆ ಮಾರಿದರೆ ಬಂದ ದುಡ್ಡಲ್ಲಿ ಅರ್ಧ ನಮಗೆ ಅಂತ ಬರೆಸಿಕೊಂಡಿದ್ದರು. ಅಂದರೆ ನಾಂತ್ ಬಿಟ್ಟುಕೊಟ್ಟರೆ ಆ ಔದಾರ್ಯದ ಅರ್ಧ ಬಿಲ್ಲು ಬೋರ್ಡೊ ತಲೆ ಮೇಲೆ.

ಒಪ್ಪಂದಗಳು ಸರಪಳಿ ಇದ್ದ ಹಾಗೆ. ಗಂಗಾವತಿ, ಕಾರಟಗಿಯ ರೈಸ್ ಮಿಲ್ಲಿನವರು ದಲಾಲಿಗೆ ಕೊಡಬೇಕು, ದಲಾಲಿ ರೈತನಿಗೆ ಕೊಡಬೇಕು, ರೈತ ಗೊಬ್ಬರದ ಅಂಗಡಿಯ ಉದ್ರಿ ತೀರಿಸಬೇಕು, ಕೊಯ್ಲಿನ ಮಷೀನಿನ ಬಾಡಿಗೆ ಕೊಡಬೇಕು. ಮೇಲಿನವನು “ನನಗೆ ಕಷ್ಟ ಬಂತು” ಅಂತ ಕೈ ಎತ್ತಿದರೆ ಕಷ್ಟ ಅಲ್ಲಿಗೆ ನಿಲ್ಲಲ್ಲ, ಕೆಳಗಿಳಿಯುತ್ತೆ. ಕೊನೆಗೆ ಅದು ಮುಟ್ಟೋದು ಯಾರಿಗೂ ದಾಟಿಸಲಾಗದವನಿಗೆ.

ಅದಕ್ಕೇ ನಾನು ಕೊಡಬೇಕು ಅನ್ನೋ ಕಡೆ. ನಾಂತ್ ಒಳ್ಳೆಯವರು ಅಂತ ಅಲ್ಲ. ಸಾವು ಬಂದಾಗ ಸಾಲ ಮಾಫಿ ಅನ್ನೋ ನಿಯಮ ಮಾಡಿದರೆ, ಅದನ್ನ ಹೆಚ್ಚು ಬಳಸೋದು ದೊಡ್ಡ ವಕೀಲರಿರೋ ದೊಡ್ಡವರು, ಸೋಲೋದು ಸಣ್ಣವರು.

ಬೆಂಗಳೂರಿನಲ್ಲಿ ಆದದ್ದು

ಇನ್ನು ಮನೆ ಕಡೆಗೆ ಬರೋಣ. 2025ರ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನ ಅನಿರ್ದಿಷ್ಟ ಕಾಲ ತಡೆಹಿಡಿದಿದ್ದಾಗಿ ಹೇಳಿತು. ಸುನಿಲ್ ಛೆಟ್ರಿ ಇರೋ ತಂಡ ಇದು. ಒಡೆಯರು ಜೆಎಸ್‌ಡಬ್ಲ್ಯು. ನಮಗೆ ಹೊಸಪೇಟೆ ದಾಟಿದರೆ ಸಿಗೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರು.

ಕಾರಣ? ಇಂಡಿಯನ್ ಸೂಪರ್ ಲೀಗ್ ನಡೆಯುತ್ತೋ ಇಲ್ಲವೋ ಗೊತ್ತಿರಲಿಲ್ಲ. ಲೀಗ್ ನಡೆಸೋ ಕಂಪನಿಗೂ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್‌ಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ 2025ರ ಡಿಸೆಂಬರಿಗೆ ಮುಗೀತಿತ್ತು. ಹೊಸದಕ್ಕೆ ಮಾತು ಕುದುರಿರಲಿಲ್ಲ. ಹಾಗಾಗಿ ಜುಲೈನಲ್ಲೇ ಸೀಸನ್ ತಡೆಹಿಡಿದಿದ್ದರು. ಪಂದ್ಯ ಇಲ್ಲ ಅಂದ್ರೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ. ಕೊನೆಗೆ 2026ರ ಫೆಬ್ರವರಿ 14ರಿಂದ ಲೀಗ್ ಅಂತ ಕೇಂದ್ರ ಕ್ರೀಡಾ ಸಚಿವರು ಜನವರಿಯಲ್ಲಿ ಘೋಷಿಸಿದರು.

ಈಗ ಕಾಕಾನ ಪ್ರಶ್ನೆ ಕೇಳೋಣ: ಹಗ್ಗ ಯಾರ ಕೈಯಲ್ಲಿತ್ತು? ಆಟಗಾರರು ಸಹಿ ಹಾಕಿ, ಬೇರೆ ಕ್ಲಬ್ಬಿನ ಬಾಗಿಲು ಮುಚ್ಚಿಕೊಂಡು, ಆಡೋಕೆ ತಯಾರಾಗಿದ್ದರು. ಅವರ ಪಾಲಿನದ್ದು ಅವರು ಕೊಟ್ಟಾಗಿತ್ತು. ಲೀಗ್ ನಿಲ್ಲೋದು ಅವರ ಕೈಯಲ್ಲಿರಲಿಲ್ಲ. ಕ್ಲಬ್ಬಿನ ಕೈಯಲ್ಲೂ ಪೂರ್ತಿ ಇರಲಿಲ್ಲ, ಒಪ್ಪಿದೆ. ಆದರೆ ಲೀಗ್ ನಡೆಯುತ್ತೆ ಅಂತ ಲೆಕ್ಕ ಹಾಕಿ ಧಂದೆಗೆ ಇಳಿದವರು ಕ್ಲಬ್ಬಿನವರು. ಲಾಭ ಬಂದರೆ ಅವರದು ಅಂದ ಮೇಲೆ ನಷ್ಟದ ಹೊಣೆಯನ್ನ ತಿಂಗಳ ಸಂಬಳದವನ ಮೇಲೆ ಹೊರಿಸೋದು ಹೇಗೆ?

ಆಟಗಾರರ ಜೊತೆ ಕೂತು, ಇಷ್ಟು ತಿಂಗಳು ಇಷ್ಟು ಕಡಿಮೆ ಅಂತ ಒಪ್ಪಿಸಿಕೊಂಡರೆ ಅದು ಬೇರೆ. ತಾನೇ ತೀರ್ಮಾನ ಮಾಡಿ “ಅನಿರ್ದಿಷ್ಟ ಕಾಲ” ಅನ್ನೋದು ಬೇರೆ. ಫಿಫಾ ನಿಯಮದಲ್ಲೂ ಇದಕ್ಕೆ ಉತ್ತರ ಇದೆ. ಎರಡು ತಿಂಗಳ ಸಂಬಳ ಬಾಕಿ ಉಳಿಸಿದರೆ, 15 ದಿನದ ನೋಟಿಸ್ ಕೊಟ್ಟು ಆಟಗಾರ ಒಪ್ಪಂದ ಮುರಿದು ಹೊರಡಬಹುದು.

ಆಟಗಾರರೆಲ್ಲ ಪಾಪದವರು ಅಂತ ನಾನು ಹೇಳ್ತಿಲ್ಲ. 2024ರ ಅನ್ವರ್ ಅಲಿ ಪ್ರಕರಣ ಉಲ್ಟಾ ಇತ್ತು. ಡೆಲ್ಲಿ ಎಫ್‌ಸಿಯಿಂದ ನಾಲ್ಕು ವರ್ಷದ ಲೋನ್ ಮೇಲೆ ಮೋಹನ್ ಬಾಗಾನ್‌ಗೆ ಬಂದಿದ್ದ ಆಟಗಾರ, ನಡುವೆ ಒಪ್ಪಂದ ಮುರಿದು ಈಸ್ಟ್ ಬೆಂಗಾಲ್ ಸೇರಿದ. ಫೆಡರೇಶನ್ ಸಮಿತಿ ಅವನಿಗೆ ನಾಲ್ಕು ತಿಂಗಳ ನಿಷೇಧ ಹಾಕಿ, ಅವನೂ ಎರಡು ಕ್ಲಬ್ಬುಗಳೂ ಸೇರಿ ಮೋಹನ್ ಬಾಗಾನ್‌ಗೆ 12.90 ಕೋಟಿ ರೂಪಾಯಿ ಕೊಡಬೇಕು ಅಂತ ಆದೇಶಿಸಿತು. ವಿಷಯ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಆ ಆದೇಶ ಹಿಂದಕ್ಕೆ ಹೋಯ್ತು. ಅದೇನೇ ಇರಲಿ, ಮಾತು ಮುರಿದರೆ ಬೆಲೆ ಇದೆ ಅನ್ನೋದು ಎರಡೂ ಕಡೆಯವರಿಗೆ ಅನ್ವಯಿಸಬೇಕು.

ನೀರು ಬಾರದ ಬೆಳೆಯ ಲೀಜು

ಹಾಗಾದರೆ ಯಾವತ್ತೂ ಪೂರ್ತಿ ಕೊಡಲೇಬೇಕಾ? ಇಲ್ಲ. ಅದಕ್ಕೂ ನಮ್ಮಲ್ಲೇ ಉದಾಹರಣೆ ಇದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿ ಹೋಗಿದ್ದು ನೆನಪಿದೆಯಲ್ಲ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಆಮೇಲೆ 33 ಗೇಟುಗಳನ್ನೂ ಬದಲಾಯಿಸಬೇಕು ಅಂತಾಯ್ತು. ಆ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ಕಾಲುವೆ ನೀರಿಲ್ಲ ಅಂತ ತೀರ್ಮಾನ ಬಂತು.

ಗಂಗಾವತಿ ಸೀಮೆಯಲ್ಲಿ ಭೂಮಿಯನ್ನ ಲೀಜಿಗೆ ಮಾಡೋರು ಬಹಳ. ವರ್ಷಕ್ಕೆ ಎರಡು ಬೆಳೆ ಅಂತ ಲೆಕ್ಕ ಹಿಡಿದು, ಎಕರೆಗೆ ಇಷ್ಟು ಚೀಲ ನೆಲ್ಲು ಅಂತ ಮಾತು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಕೃಷಿ ಜಮೀನು ಗೇಣಿಗೆ ಕೊಡೋದಕ್ಕೇ ಕಾನೂನಿನ ತಡೆ ಇದೆ. ಹಾಗಾಗಿ ಎಲ್ಲ ಬಾಯಿ ಮಾತು. ಕಾಗದ ಇಲ್ಲ, ಕೋರ್ಟಿಲ್ಲ. ಎರಡನೇ ಬೆಳೆಯೇ ಇಲ್ಲ ಅಂದ್ಮೇಲೆ ಆ ಪಾಲಿನ ಚೀಲ ಕೊಡಬೇಕಾ?

ನನ್ನ ಉತ್ತರ: ಮೊದಲ ಬೆಳೆಯ ಪಾಲು ಪೂರ್ತಿ ಕೊಡಬೇಕು, ಎರಡನೆಯದರದ್ದು ಕೇಳಬಾರದು. ಇಲ್ಲಿ ಹಗ್ಗ ಕೈಗೆ ಬಂದೇ ಇಲ್ಲ. ಆ ಬೆಳೆಗೆ ಬೇಕಾದ ಭೂಮಿ ಅಂದರೆ ನೀರಿರೋ ಭೂಮಿ. ಅದನ್ನ ಯಜಮಾನ ಕೊಡೋಕೆ ಆಗಲಿಲ್ಲ, ಅವನ ತಪ್ಪಿಲ್ಲದಿದ್ದರೂ. ನಮ್ಮ ಊರ ಕಡೆ ಕೆಲವರು ಹಿರಿಯರ ಮುಂದೆ ಕೂತು ಹೀಗೇ ಬಗೆಹರಿಸಿಕೊಂಡರು. ಕೆಲವರು ಪೂರ್ತಿ ಕೇಳಿದರು, ಸಂಬಂಧ ಕೆಟ್ಟಿತು.

ಸಾಲಾ ಪ್ರಕರಣಕ್ಕೂ ಇದಕ್ಕೂ ವ್ಯತ್ಯಾಸ ಅಷ್ಟೇ. ಅಲ್ಲಿ ಕೈ ಬದಲಾಗಿತ್ತು, ಇಲ್ಲಿ ಆಗಲಿಲ್ಲ. ಎರಡೂ ಕಡೆ ಅದೇ ಪ್ರಶ್ನೆ, ಉತ್ತರ ಮಾತ್ರ ಬೇರೆ.

ನಮ್ಮ ಟ್ರಾನ್ಸ್‌ಫರ್

ಯಲಬುರ್ಗಾದ ನನ್ನ ಗೆಳೆಯನೊಬ್ಬನಿಗೆ ಬೆಂಗಳೂರಿನ ಒಂದು ಕಂಪನಿಯಿಂದ ಆಫರ್ ಬಂತು. ಬೇಗ ಬನ್ನಿ, ನೋಟಿಸ್ ಬೈಔಟ್ ದುಡ್ಡು ನಾವು ಕೊಡ್ತೀವಿ ಅಂತ ಎಚ್‌ಆರ್ ಫೋನಿನಲ್ಲಿ ಹೇಳಿದರು. ಅವನು ಉಳಿತಾಯದ ದುಡ್ಡಿಂದ ಹಳೇ ಕಂಪನಿಗೆ ಬೈಔಟ್ ಕಟ್ಟಿ ಹೊರಬಂದ. ಸೇರೋ ದಿನ ಮೂರು ಸಲ ಮುಂದಕ್ಕೆ ಹೋಯ್ತು. ಆಮೇಲೆ ಒಂದು ಈಮೇಲ್: ಹುದ್ದೆ ರದ್ದಾಗಿದೆ. ಬೈಔಟ್ ದುಡ್ಡು ಕೇಳಿದ್ದಕ್ಕೆ, “ನೀವು ಸೇರೇ ಇಲ್ಲವಲ್ಲ” ಅಂದರು.

ಕಾರ್ಡಿಫ್ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಅವನು ನಮ್ಮವನೇ ಆಗಿರಲಿಲ್ಲ. ಸಾಲಾನ ಕತೆಯಲ್ಲಿ ಕೊಡಬಾರದು ಅಂದವರು ಈ ಕತೆ ಕೇಳಿದಾಗ ಪಟ್ಟನೆ “ಕೊಡಲೇಬೇಕು” ಅಂತಾರೆ. ಯಾಕಂದ್ರೆ ಇಲ್ಲಿ ನಷ್ಟ ಆದವನು ನಮ್ಮಂಥವನು. ನಿಯಮ ಅಂದ್ರೆ ಜನ ನೋಡಿ ಬದಲಾಗಬಾರದು. ಒಬ್ಬರ ಮಾತು ನಂಬಿ ಇನ್ನೊಬ್ಬರು ಹಿಂದಿನ ಬಾಗಿಲು ಮುಚ್ಚಿಕೊಂಡಿದ್ದರೆ, ಆ ಮಾತಿನ ಬೆಲೆ ತೆರಬೇಕು. ಕ್ಲಬ್ಬಾಗಲಿ, ಕಂಪನಿಯಾಗಲಿ, ದಾಳಿಂಬೆ ವ್ಯಾಪಾರಿಯಾಗಲಿ.

ಗೆಳೆಯ ನಾಲ್ಕು ತಿಂಗಳ ನಂತರ ಬೇರೆ ಕಡೆ ಸೇರಿದ. ಬೈಔಟ್ ದುಡ್ಡು ಬರಲಿಲ್ಲ. ಫೋನಿನಲ್ಲಿ ಹೇಳಿದ್ದಕ್ಕೆ ಅವನ ಬಳಿ ಸಾಕ್ಷಿ ಇರಲಿಲ್ಲ.

ಹಾಗಾಗಿ ಕೆಲಸ ಬದಲಾಯಿಸೋರು ನಾಲ್ಕು ಪ್ರಶ್ನೆ ಕೇಳಿ, ಉತ್ತರ ಈಮೇಲಿನಲ್ಲಿ ತಗೊಳ್ಳಿ. ಯಾವ ದಿನದಿಂದ ನಾನು ನಿಮ್ಮವನು? ಬೈಔಟ್ ಯಾರು ಕೊಡ್ತೀರಿ, ಯಾವಾಗ? ಸೇರೋ ಮೊದಲೇ ನೀವು ರದ್ದು ಮಾಡಿದರೆ ನನಗೇನು? ಸೇರೋ ದಿನ ಮುಂದಕ್ಕೆ ಹೋದರೆ ಆ ದಿನಗಳ ದುಡ್ಡು ಯಾರದು? ಕೇಳಿದರೆ ಆಫರ್ ತಪ್ಪಿಹೋಗುತ್ತೆ ಅಂತ ಹೆದರಿಕೆ ಇರುತ್ತೆ. ಈ ಪ್ರಶ್ನೆಗೇ ಮುಖ ತಿರುಗಿಸೋ ಕಂಪನಿ, ಕಷ್ಟ ಬಂದಾಗ ಹೇಗೆ ನಡೆದುಕೊಳ್ಳುತ್ತೆ ಅನ್ನೋದು ಮೊದಲೇ ಗೊತ್ತಾದ ಹಾಗಾಯ್ತು.

ಕಾಗದದಲ್ಲಿ ಇಲ್ಲದ ಸಾಲು

ಕೊಡಬೇಕು ಅಂತ ಹೇಳಿದ ಮೇಲೂ ಒಂದು ವಿಷಯ ನನ್ನನ್ನ ಕಾಡುತ್ತೆ. ಆ ಟ್ರಾನ್ಸ್‌ಫರ್‌ನಲ್ಲಿ ದುಡ್ಡಿನ ಪ್ರತಿ ಕಂತಿಗೂ ತಾರೀಖಿತ್ತು. ಬೋರ್ಡೊದ ಪಾಲಿಗೂ ಸಾಲಿತ್ತು. ವೈದ್ಯಕೀಯ ಪರೀಕ್ಷೆಗೆ, ನೋಂದಣಿಗೆ, ವರ್ಗಾವಣೆ ಪತ್ರಕ್ಕೆ ಷರತ್ತಿದ್ದವು. ಆದರೆ ಆ ಎರಡು ಊರುಗಳ ನಡುವೆ ಹುಡುಗ ಹೇಗೆ ಹೋಗ್ತಾನೆ, ಹೇಗೆ ಬರ್ತಾನೆ, ಅದನ್ನ ನೋಡಿಕೊಳ್ಳೋರು ಯಾರು ಅನ್ನೋದು ಕೊನೆಗೆ ಎರಡೂ ಕ್ಲಬ್ಬುಗಳ ಕೈಯಲ್ಲಿ ಉಳಿಯಲಿಲ್ಲ. ಆ ಸಂದಿನಲ್ಲಿ ದುಡ್ಡಿಗೆ ಪ್ರಯಾಣಿಕರನ್ನ ಒಯ್ಯೋ ಲೈಸೆನ್ಸ್ ಇಲ್ಲದ ಪೈಲಟ್ಟು, ಹೊಗೆ ಸೋರೋ ವಿಮಾನ ಬಂದು ಕೂತವು. ಹೊರಡೋ ಮುಂಚೆ ಸಾಲಾ ತನ್ನ ಗೆಳೆಯರಿಗೆ ಕಳಿಸಿದ ವಾಟ್ಸ್ಆ್ಯಪ್ ದನಿಯಲ್ಲೇ ಆ ವಿಮಾನದ ಬಗ್ಗೆ ಭಯ ಇತ್ತು.

ಮೂರು ತಿಂಗಳ ನಂತರ, ಏಪ್ರಿಲ್‌ನಲ್ಲಿ, ಅವನ ತಂದೆ ಹೊರಾಸಿಯೋ ಪ್ರೊಗ್ರೆಸೊದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಫಿಫಾ, ಲೊಸಾನ್, ಫ್ರಾನ್ಸಿನ ಕೋರ್ಟು ಅಂತ ನಡೆದ ಜಗಳ ಎರಡು ಕ್ಲಬ್ಬುಗಳ ನಡುವಿನದು. ಯಾವ ಕ್ಲಬ್ಬಿಗೆ ಎಷ್ಟು ಅನ್ನೋದನ್ನ ಅದು ಹೇಳಿತು, ಆ ಮನೆಯ ಬಗ್ಗೆ ಹೇಳೋಕೆ ಅದರಲ್ಲಿ ಜಾಗ ಇರಲಿಲ್ಲ.

ದುಡ್ಡಿನ ಪ್ರಶ್ನೆಗೆ ಉತ್ತರ ಸುಲಭ: ಹಗ್ಗ ಕೈಗೆ ಬಂದಿದ್ದರೆ ಕೊಡಬೇಕು, ಬಂದಿಲ್ಲದಿದ್ದರೆ ಕೇಳಬಾರದು. ತಪ್ಪಿನ ಲೆಕ್ಕ ಬೇರೆ ಪಂಚಾಯ್ತಿಯಲ್ಲಿ ಆಗಲಿ. ಅದಕ್ಕಿಂತ ಮೊದಲು ಬರೀಬೇಕಾದ ಇನ್ನೊಂದು ಸಾಲಿದೆ. ಹಳೇದು ಬಿಟ್ಟು ಹೊಸದು ಮುಟ್ಟೋವರೆಗೆ, ಆ ನಡುವಿನ ದಾರಿಯಲ್ಲಿ ಇರೋ ಮನುಷ್ಯ ಯಾರ ಹೊಣೆ? ಮುಂದಿನ ಸಲ ಯಾವ ಕಾಗದಕ್ಕೆ ಸಹಿ ಹಾಕಿದರೂ ಆ ಸಾಲು ಇದೆಯಾ ಅಂತ ಒಮ್ಮೆ ಹುಡುಕಿ ನೋಡ್ರಿ. ಇಲ್ಲದಿದ್ದರೆ ಬರೆಸಿಕೊಳ್ರಿ.